ಹಲ್ಲಿ ಕಣ್ಣು ಮಿಟುಕಿಸಲ್ಲ ಸಾರ್

ಮೇಷ್ಟ್ರು ಹೋದರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಮೆಸೇಜ್ ಬಂದಾಗ ನಾನು ಮೈಸೂರಿನಲ್ಲಿ ಆಫೀಸಿಗೆ ಹೊರಟಿದ್ದೆ. ಆಫೀಸ್ ಬಿಟ್ಟು ಮಂಡ್ಯದ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣ ದಾಟಿ ಕಬ್ಬಿನ ಗದ್ದೆಗಳು ಕಂಡಾಗ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ನಮ್ಮ ಶಾಲೆ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ಪಕ್ಕ. ಸುತ್ತ ಗದ್ದೆ, ಗದ್ದೆ ತುಂಬ ಇಲಿ, ಇಲಿ ಹಿಂದೆ ಕೇರೆಹಾವು. ಹಾವು ಕಂಡರೆ ದೊಣ್ಣೆ ಹುಡುಕೋದೇ ಊರಿನ ಅಭ್ಯಾಸ. ಅಂಥ ಊರಿನ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅವರು ಸರೀಸೃಪಗಳನ್ನು ವಿಂಗಡಿಸೋದು ಕಲಿಸಿದರು. ಆ ವರ್ಷ ಪುಸ್ತಕದಲ್ಲಿ ಬೇರೆ ಏನಿತ್ತೋ, ನನಗೆ ಒಂದೂ ನೆನಪಿಲ್ಲ.

ನಾಲೆಯ ಜೇಡಿಮಣ್ಣಿನಲ್ಲಿ ಆಮೆ, ಮೊಸಳೆ, ಓತಿಕ್ಯಾತ, ಹಾವು, ಕಪ್ಪೆ, ಮೀನು ಎಲ್ಲ ನಾವೇ ಮಾಡಬೇಕು. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಮೈಮೇಲೆ ಹುರುಪೆ ಇದೆಯಾ? ಕಪ್ಪೆ ಆಚೆ. ಶ್ವಾಸಕೋಶದಲ್ಲಿ ಉಸಿರಾಡುತ್ತಾ? ಹುರುಪೆ ಇದ್ದರೂ ಮೀನು ಆಚೆ. ಚಿಪ್ಪು ಹೊತ್ತಿದೆಯಾ? ಆಮೆಗೆ ಬೇರೆ ಮನೆ. ಮೊಸಳೆಗೂ ಬೇರೆ. ಕೊನೆಗೆ ಹಾವು, ಓತಿಕ್ಯಾತ ಒಂದೇ ಮನೆಯಲ್ಲಿ ಉಳಿದಾಗ ನಮಗೆಲ್ಲ ಆಶ್ಚರ್ಯ. ಅವು ಹತ್ತಿರದ ನೆಂಟರು ಕಣ್ರೋ ಅಂದರು.

ಜೀವಂತ ಹಾವು ಮುಟ್ಟೋಕೆ ಯಾರಿಗೂ ಬಿಡುತ್ತಿರಲಿಲ್ಲ. ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು, ಅದರಲ್ಲಿ ಕೇರೆಹಾವಿನ ಪೊರೆ. ಕಿಟಕಿ ಬೆಳಕಿಗೆ ಹಿಡಿದು, "ಕಣ್ಣು ಎಲ್ಲೈತೆ ಹುಡುಕ್ರೋ" ಅನ್ನೋರು. ತಲೆಯ ಕಡೆ ಗುಂಡಗೆ, ಗಾಜಿನಂಥ ಪುಟ್ಟ ಬಟ್ಟಲು. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಹುರುಪೆ, ಪೊರೆ ಬಿಡುವಾಗ ಅದೂ ಕಳಚುತ್ತೆ. ಹಾಗಾದರೆ ರೆಪ್ಪೆ ಇಲ್ಲದ್ದೆಲ್ಲ ಹಾವು ಅಂತ ನಾವು ಗಟ್ಟಿ ಮಾಡಿಕೊಂಡೆವು.

ಆಗ ನಾನು ಎದ್ದು ನಿಂತು ಹೇಳಿದೆ, "ಹಲ್ಲಿನೂ ಕಣ್ಣು ಮಿಟುಕಿಸಲ್ಲ ಸಾರ್, ನಾಲಿಗೆಯಲ್ಲಿ ಕಣ್ಣು ನೆಕ್ಕುತ್ತೆ." ರಾತ್ರಿ ಟ್ಯೂಬ್‌ಲೈಟ್ ಹತ್ತಿರ ಎಷ್ಟೋ ದಿನ ನೋಡಿದ್ದೆ. ಮೇಷ್ಟ್ರು ಬೈಯಲಿಲ್ಲ. ಇಡೀ ಕ್ಲಾಸನ್ನು ಕರೆದುಕೊಂಡು ಹೋಗಿ ಸ್ಟಾಫ್ ರೂಮಿನ ಗೋಡೆಯ ಹಲ್ಲಿ ಮುಂದೆ ನಿಲ್ಲಿಸಿದರು. ನೋಡಿದರು. "ನೀನು ಹೇಳಿದ್ದು ಸರಿ. ಹಂಗಾದ್ರೆ ಕಿವಿ ತೂತು ನೋಡ್ರಿ. ಹಲ್ಲಿಗೈತೆ, ಹಾವಿಗಿಲ್ಲ" ಅಂದರು. ಒಂಬತ್ತು ವರ್ಷದ ಹುಡುಗನ ಮಾತಿಗೆ ಪಾಠವನ್ನೇ ತಿದ್ದಿದವರು ಅವರು. ಇವತ್ತಿಗೂ ನನಗೆ ಆ ಹೆಮ್ಮೆ ಇದೆ.

ಅದೇ ವರ್ಷ ನಾವು ಮೂರು ಜನ ಸೇರಿ ಗಣಿತದ ಮೇಡಂ ಸೀಮೆಸುಣ್ಣದ ಡಬ್ಬಿಯಲ್ಲಿ ಹಾವುರಾಣಿ ಹಾಕಿದೆವು. ಹೆಸರಿಗೆ ಹಾವು, ಆದರೆ ಹಲ್ಲಿಯ ಜಾತಿ. ಮೇಡಂ ಮುಚ್ಚಳ ತೆಗೆದರು, ಕಿರುಚಿದರು, ಅದು ಹಾರಿ ಬಾಗಿಲಿಂದಾಚೆ ಓಡಿಹೋಯಿತು. ಮೇಜಿನ ಮೇಲೆ ಬಾಲ ಮಾತ್ರ ಒದ್ದಾಡುತ್ತಾ ಇತ್ತು. ಮೇಷ್ಟ್ರು ಬಂದು ಆ ಬಾಲ ನಿಲ್ಲುವವರೆಗೂ ನೋಡಿದರು. ಒಂದೇಟೂ ಹೊಡೆಯಲಿಲ್ಲ. "ಅದು ಕೂಡಿಟ್ಟ ಕೊಬ್ಬು ಬಹಳಷ್ಟು ಆ ಬಾಲದಲ್ಲೇ ಇತ್ತು. ಹೋಗಿ ಹುಡುಕಿ ಬನ್ನಿ, ಬದುಕೈತಾ ನೋಡಿ" ಅಂದರು. ಆಟದ ಪೀರಿಯಡ್ ಎಲ್ಲ ಅದಕ್ಕೇ ಹೋಯಿತು. ಐದನೇ ದಿನ ಬೇವಿನ ಮರದ ಬುಡದಲ್ಲಿ ಮೋಟು ಬಾಲದ ಹಾವುರಾಣಿ ಬಿಸಿಲು ಕಾಯ್ತಾ ಇತ್ತು, ನಿಧಾನಕ್ಕೆ ರೆಪ್ಪೆ ಮುಚ್ಚಿ ತೆಗೆಯಿತು. ಅವರನ್ನು ಕರೆತಂದು ತೋರಿಸಿದೆವು. ಬೆಳಗ್ಗೆ ಬಿಸಿಲು ಬೇಕೇ ಬೇಕು, ಅದರ ಮೈ ತಾನಾಗಿ ಬೆಚ್ಚಗಾಗಲ್ಲ ಅಂತ ಅಲ್ಲೇ ಕೂತು ಪಾಠ ಮಾಡಿದರು.

ಈಗ ನನ್ನ ಮಗಳಿಗೂ ಇದೇ ಪಾಠ ಇದೆ. ಅಂಗಡಿಯಿಂದ ಚಾರ್ಟ್ ತಂದು, ಚಿತ್ರ ಕತ್ತರಿಸಿ ಅಂಟಿಸಿ, ಮಾರ್ಕ್ಸ್ ತಗೊಂಡಳು. ಅನಕೊಂಡದ ಉದ್ದ ಬಾಯಿಪಾಠ, ಆದರೆ ನಮ್ಮ ಕಾಂಪೌಂಡಿನಲ್ಲೇ ಇರುವ ಹಾವುರಾಣಿಯ ಹೆಸರು ಗೊತ್ತಿಲ್ಲ. ಬೇಜಾರಾಗುತ್ತೆ, ಅಲ್ವಾ?

ಹೋದ ವಾರ ಮದ್ದೂರಿನ ಗೆಳೆಯ ಗುಂಪಿಗೆ ಫೋಟೋ ಹಾಕಿದ್ದ. ಬಚ್ಚಲಲ್ಲಿ ಬಿಳಿ ಪಟ್ಟೆಯ ಕಪ್ಪು ಹಾವು. ಕಟ್ಟುಹಾವು, ಹೊಡಿ ಹೊಡಿ ಅಂತ ಎಲ್ಲರೂ ಬರೆದರು. ಕಟ್ಟುಹಾವಿನ ಪಟ್ಟೆ ಬಾಲದ ಕಡೆ ಚೆನ್ನಾಗಿ ಕಾಣುತ್ತೆ, ತಲೆಯ ಕಡೆ ಮಸುಕು. ವಿಷವಿಲ್ಲದ ತೋಳದ ಹಾವಿಗೆ ಉಲ್ಟಾ. ಫೋಟೋದಲ್ಲಿ ಬಾಲ ಬಕೆಟ್ ಹಿಂದಿತ್ತು. ಯಾವುದಾದರೂ ಆಗಿರಲಿ, ಹತ್ತಿರ ಹೋಗಬೇಡ, ಬಾಗಿಲು ಮುಚ್ಚಿ ಹಾವು ಹಿಡಿಯೋರಿಗೆ ಫೋನ್ ಮಾಡು ಅಂತ ಬರೆದೆ. ಮಾಡಿದ. ಹಿಡಿದವರು ತೋಳದ ಹಾವು ಅಂತ ಹೇಳಿ ತಗೊಂಡು ಹೋದರಂತೆ. "ಮೇಷ್ಟ್ರಿಗೆ ಈ ಫೋಟೋ ಕಳಿಸಬೇಕಿತ್ತು ಕಣೋ" ಅಂತ ಅವನು ಬರೆದ. ಗುಂಪಿನಲ್ಲಿ ಅವತ್ತು ಆಮೇಲೆ ಯಾರೂ ಏನೂ ಬರೆಯಲಿಲ್ಲ.