ಎರಡೂ ತುದಿ ಕಾಣುವ ಬೋಲ್ಟು

ಹೋದ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಸಿಯಾಟಲ್‌ಗೆ ಬಂದರು. ತೀರ್ಥಹಳ್ಳಿ ಕಡೆ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಬಂದ ಮಾರನೇ ದಿನ ಕಾಫಿ ಲೋಟ ಹಿಡಿದು, ಊಟದ ಕೋಣೆಯ ಗಾಜಿನ ಬಾಗಿಲು ಸರಿಸಿ ಬಾಲ್ಕನಿಗೆ ಕಾಲಿಟ್ಟರು. ಇಟ್ಟವರು ಹಾಗೇ ಹಿಂದೆ ಬಂದರು. "ಮಗಾ, ಇದು ಗೋಡೆ ಬಿಟ್ಟಿದೆಯಲ್ಲೋ" ಅಂದರು.

ಬಗ್ಗಿ ನೋಡಿದೆ. ಗೋಡೆಗೂ ಮೊದಲ ಹಲಗೆಗೂ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಅದೇ ಬಾಲ್ಕನಿಯಲ್ಲಿ ಮಗಳ ಮೂರು ಹುಟ್ಟುಹಬ್ಬ ಮಾಡಿದ್ದೆವು. ಒಂದು ಸಲ ಹದಿನೆಂಟು ಜನ ಒತ್ತಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದೆವು. ಅದು ನೆನಪಾಗಿ ಕೈ ತಣ್ಣಗಾಯಿತು.

ಇಲ್ಲಿನ ಮನೆಗಳು ಹೆಚ್ಚಿನವು ಮರದವು. ಹೊರಗೆ ಕಾಣುವುದು ಬರೀ ಹೊದಿಕೆ. ಅದರ ಹಿಂದೆ ಅರ್ಧ ಇಂಚಿನ ಪ್ಲೈವುಡ್ಡು, ಅದರ ಹಿಂದೆ ಮರದ ಚೌಕಟ್ಟು. ಬಾಲ್ಕನಿ ನಿಲ್ಲಿಸಲು ಗೋಡೆಗೆ ಒಂದು ಉದ್ದದ ಹಲಗೆ ಬಿಗಿಯುತ್ತಾರೆ. ಅದಕ್ಕೆ ಲೆಡ್ಜರ್ ಅಂತ ಹೆಸರು. ತೊಲೆಗಳ ಒಂದು ತುದಿ ಲೆಡ್ಜರಿಗೆ, ಇನ್ನೊಂದು ತುದಿ ಹೊರಗಿನ ಕಂಬಗಳಿಗೆ. ಅಪ್ಪನಿಗೆ ಇದೇ ಒಪ್ಪಿಗೆಯಾಗಲಿಲ್ಲ. "ನಮ್ಮಲ್ಲಿ ಜಗಲಿಯ ಭಾರ ಕಂಬದ ಮೇಲೆ ಕೂರುತ್ತದೆ, ಕಂಬ ಕಲ್ಲಿನ ಮೇಲೆ ಕೂರುತ್ತದೆ. ನೀವು ಗೋಡೆಗೆ ನೇತು ಹಾಕಿದ್ದೀರಿ. ಹಾಗಾದರೆ ಜೀವವೆಲ್ಲ ಮೊಳೆಯಲ್ಲೇ ಇದೆ."

ಆ ಶನಿವಾರ ನೆಲದ ಹಲಗೆಗಳನ್ನು ಕಿತ್ತೆವು. ಹಿಂದೆ ಯಾರೋ ಲೆಡ್ಜರನ್ನು ಬರೀ ಮೊಳೆ ಹೊಡೆದು ನಿಲ್ಲಿಸಿದ್ದರು. ಅದೂ ಗೋಡೆಯ ಹೊದಿಕೆಯ ಮೇಲೇ. ನೀರು ತಡೆಯುವ ತಗಡು ಇರಲೇ ಇಲ್ಲ. ಮೊಳೆ ಕೆಳಮುಖ ಭಾರವನ್ನು ಸ್ವಲ್ಪ ಕಾಲ ತಡೆದೀತು. ಆದರೆ ಹೊರಗೆ ಎಳೆದರೆ ಮೆಲ್ಲನೆ ಜಾರಿ ಬರುತ್ತದೆ. ಇಲ್ಲಿನ ಕಟ್ಟಡ ನಿಯಮ ಲೆಡ್ಜರಿಗೆ ಅರ್ಧ ಇಂಚು ದಪ್ಪದ ಬೋಲ್ಟು ಅಥವಾ ಲ್ಯಾಗ್ ಸ್ಕ್ರೂ (ನಟ್ಟಿಲ್ಲದೆ ನೇರ ಮರಕ್ಕೇ ತಿರುವುವ ದಪ್ಪ ಸ್ಕ್ರೂ) ಕೇಳುವುದು ಸುಮ್ನೆ ಅಲ್ಲ.

ಮರುದಿನ ಅಂಗಡಿಗೆ ಹೋದೆವು. ಅಪ್ಪನಿಗೆ ಅಂಥ ಅಂಗಡಿ ಹೊಸತು. ಒಂದು ಓಣಿ ಪೂರ್ತಿ ಸ್ಕ್ರೂಗಳೇ. ನನ್ನ ಕೈ ನೇರ ಮುಕ್ಕಾಲು ಇಂಚು ದಪ್ಪದ ಲ್ಯಾಗ್ ಸ್ಕ್ರೂಗೆ ಹೋಯಿತು. ದಪ್ಪ ಇದ್ದಷ್ಟೂ ಗಟ್ಟಿ ಅಲ್ವಾ? ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ಕೇಳಿದರು, "ಇದು ಕಚ್ಚುವ ಮರ ಎಷ್ಟು ದಪ್ಪ?" ಲೆಡ್ಜರಿನ ಹಿಂದೆ, ಗೋಡೆಯ ಒಳಗೆ, ಮನೆಯ ನೆಲದ ತೊಲೆಗಳ ತುದಿಗೆ ಅಡ್ಡವಾಗಿ ಒಂದು ಅಂಚಿನ ಮರ ಇರುತ್ತದೆ. ಸ್ಕ್ರೂ ಕಚ್ಚುವುದು ಅದನ್ನೇ. ಅದರ ದಪ್ಪ ಒಂದೂವರೆ ಇಂಚು, ಅಷ್ಟೇ. "ಹಾಗಾದರೆ ಇದು ಮರ ಹಿಡಿಯುವುದಿಲ್ಲ, ಮರ ಸೀಳುತ್ತದೆ" ಅಂದು ವಾಪಸ್ ಇಟ್ಟರು.

ಮುಂದೆ ಉಳಿದಿದ್ದು ಮೂರು ದಾರಿ. ಅರ್ಧ ಇಂಚಿನ ಲ್ಯಾಗ್ ಸ್ಕ್ರೂ ಹೊರಗಿನಿಂದಲೇ ಬಿಗಿಯಬಹುದು. ಆದರೆ ಅದಕ್ಕೆ ಎರಡು ಅಳತೆಯ ತೂತು ಬೇಕು. ಸ್ಕ್ರೂವಿನ ನುಣುಪು ಭಾಗಕ್ಕೆ ಅರ್ಧ ಇಂಚು, ಸುರುಳಿ ಗೆರೆ ಇರುವ ಭಾಗಕ್ಕೆ ಅದಕ್ಕಿಂತ ಸಣ್ಣದು. ಜಾಸ್ತಿ ತಿರುವಿದರೆ ಮರದ ಎಳೆ ಹರಿದು ಹೋಗುತ್ತದೆ. ಎರಡನೆಯದು ಈಗ ಬರುವ ತೆಳ್ಳಗಿನ ಸ್ಟ್ರಕ್ಚರಲ್ ಸ್ಕ್ರೂ. ಗಟ್ಟಿ ಉಕ್ಕು, ತೂತು ಕೊರೆಯುವ ತಂಟೆ ಇಲ್ಲ. ತಯಾರಕರು ಹೇಳಿದ ಅಂತರದಲ್ಲೇ ಹಾಕಬೇಕು, ಅಷ್ಟೆ. ಅದು ಕೆಟ್ಟ ಆಯ್ಕೆ ಅಂತ ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲೇ ಇಬ್ಬರು ಹಾಕಿದ್ದಾರೆ, ಚೆನ್ನಾಗಿದೆ. ಮೂರನೆಯದು ಆಚೆಯಿಂದ ಈಚೆಗೆ ಬರುವ ನಟ್ಟು ಬೋಲ್ಟು. ಅದಕ್ಕೆ ಒಳಗಿನಿಂದ ನಟ್ಟು ಬಿಗಿಯಲು ಕೆಳಗಿನ ಕೋಣೆಯ ಚಾವಣಿ ಒಂದಡಿ ಅಗಲಕ್ಕೆ ಕತ್ತರಿಸಬೇಕು. ಮತ್ತೆ ಮುಚ್ಚಿ ಬಣ್ಣ ಬಳಿಯಬೇಕು.

ನಾನು ಲೆಕ್ಕ ಹಾಕಿದೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಅಮೆರಿಕದ ಮಾದರಿ ಕಟ್ಟಡ ನಿಯಮದ ಪ್ರಕಾರ ಪ್ರತಿ ಚದರ ಅಡಿಗೆ ಜನರ ಭಾರ 40 ಪೌಂಡು, ಬಾಲ್ಕನಿಯ ಸ್ವಂತ ಭಾರ 10 ಪೌಂಡು. ಒಟ್ಟು 4,800 ಪೌಂಡು. ಅದರಲ್ಲಿ ಅರ್ಧ, ಅಂದರೆ ಸುಮಾರು 1,090 ಕಿಲೋ ಗೋಡೆಯ ಪಾಲು. ಎಂಟು ಅಡಿ ತೊಲೆಗೆ ಲ್ಯಾಗ್ ಸ್ಕ್ರೂ ಆದರೆ 23 ಇಂಚಿಗೊಂದು, ಬೋಲ್ಟಾದರೆ 36 ಇಂಚಿಗೊಂದು ಸಾಕು ಅಂತ ಅದೇ ನಿಯಮದ ಕೋಷ್ಟಕದಲ್ಲಿದೆ. ದಪ್ಪ ಒಂದೇ. ಆದರೂ ಬೋಲ್ಟಿನ ಮೇಲೆ ನಿಯಮಕ್ಕೆ ಅಷ್ಟು ಹೆಚ್ಚು ನಂಬಿಕೆ. ಅಪ್ಪ ಕೋಷ್ಟಕ ನೋಡಲಿಲ್ಲ. "ಬೋಲ್ಟಿನ ಎರಡೂ ತುದಿ ಕಣ್ಣಿಗೆ ಕಾಣುತ್ತದೆ. ಒಳಗಿನ ಮರವೂ ಕಾಣುತ್ತದೆ" ಅಂದರು. ಆ ಎರಡನೇ ಮಾತು ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ.

ಚಾವಣಿ ಕತ್ತರಿಸಿ, ಹಳದಿ ಹತ್ತಿಯಂಥ ಇನ್ಸುಲೇಷನ್ ಎಳೆದು ತೆಗೆದಾಗ ಅರ್ಥವಾಯಿತು. ಬಾಗಿಲಿನ ನೇರ ಕೆಳಗೆ ಅಂಚಿನ ಮರ ಕಪ್ಪಾಗಿತ್ತು. ಅಪ್ಪ ಊರಿನಿಂದ ತಂದಿದ್ದ ಉಳಿಯನ್ನು ಅದಕ್ಕೆ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ. ಮೆತ್ತಗಿನ ಬೆಲ್ಲಕ್ಕೆ ಚಾಕು ಹೋದ ಹಾಗೆ ಹೋಯಿತು. ನಾಲ್ಕು ಅಡಿ ಉದ್ದಕ್ಕೂ ಅದೇ ಕಥೆ. ನಾನು ಹೊರಗಿನಿಂದ ಲ್ಯಾಗ್ ಸ್ಕ್ರೂ ಹಾಕಿ ಮುಗಿಸಿದ್ದರೆ, ಎಷ್ಟೇ ದಪ್ಪದ್ದಾದರೂ ಅದು ಕೊಳೆತ ಮರದಲ್ಲಿ ಕೂತಿರುತ್ತಿತ್ತು.

2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಾಲ್ಕನಿಯೊಂದು ಮುರಿದು ಆರು ಜನ ವಿದ್ಯಾರ್ಥಿ ವಯಸ್ಸಿನವರು ಸತ್ತರು. ಅಲ್ಲೂ ಗೋಡೆಯಿಂದ ಹೊರಚಾಚಿದ ಮರ ನೀರು ಕುಡಿದು ಒಳಗೇ ಕೊಳೆತಿತ್ತು. ಆಗ ನಾನು ಅಲ್ಲೇ ಹತ್ತಿರ ಇದ್ದೆ, ಸುದ್ದಿ ಓದಿ ಮರೆತಿದ್ದೆ. ಆ ರಾತ್ರಿ ಮತ್ತೆ ಓದಿದೆ. ನಿದ್ದೆ ಬರಲಿಲ್ಲ.

ಕೊಳೆತ ಭಾಗ ಬದಲಿಸಲು ಇಲ್ಲಿನ ಒಬ್ಬ ಬಡಗಿಯನ್ನು ಕರೆದೆವು. ಮೇಲಿನ ನೆಲಕ್ಕೆ ಆಸರೆ ಕೊಟ್ಟು, ಹಳೆಯ ಮರ ಕಡಿದು, ಹೊಸದು ಕೂರಿಸಲು ಎರಡು ದಿನ. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೂ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ಗುರುತಿನ ಮೇಲೆ ಬೆರಳಿಟ್ಟು ತಲೆಯಾಡಿಸುತ್ತಿದ್ದರು.

ಬೋಲ್ಟು ಕೊಳ್ಳುವಾಗ ಇನ್ನೊಂದು ಪಾಠವಾಯಿತು. ಹೊರಗಿನ ಲೆಡ್ಜರು ಕೊಳೆಯದಂತೆ ಮದ್ದು ಕುಡಿಸಿದ ಮರ. ಮೊದಲು ಅದಕ್ಕೆ ಆರ್ಸೆನಿಕ್ ಇರುವ ಮದ್ದು ಹಾಕುತ್ತಿದ್ದರು. 2003ರ ಕೊನೆಗೆ ಮನೆ ಬಳಕೆಗೆ ಅದು ನಿಂತಿತು. ಈಗಿನ ಮದ್ದಿನಲ್ಲಿ ತಾಮ್ರ ಜಾಸ್ತಿ. ಒದ್ದೆಯಾದರೆ ತಾಮ್ರ ಕಬ್ಬಿಣವನ್ನು ತಿನ್ನುತ್ತದೆ. ಹೊಳೆಯುವ ಬೋಲ್ಟಿನ ಮೇಲಿರುವುದು ತೆಳು ಸತುವಿನ ಲೇಪ, ಬಾಳುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮಂಕಾದ ಬೂದು ಬಣ್ಣದ ಒರಟು ಬೋಲ್ಟೇ ಬೇಕು. ಅಥವಾ ಸ್ಟೇನ್‌ಲೆಸ್. ನಾನು ಬೂದು ಬೋಲ್ಟಿಗೆ ಪಕ್ಕದ ಡಬ್ಬದ ಹೊಳೆಯುವ ನಟ್ಟು ಹಾಕಿ ನೋಡಿದೆ. ಹತ್ತಲೇ ಇಲ್ಲ. ಲೇಪ ದಪ್ಪ ಇರುವುದರಿಂದ ಅದರ ನಟ್ಟಿನ ತೂತೂ ಸ್ವಲ್ಪ ದೊಡ್ಡದು, ಜೊತೆಯದ್ದೇ ಕೊಳ್ಳಬೇಕು.

ಐದು ಇಂಚು ಉದ್ದದ ಒಂಬತ್ತು ಬೋಲ್ಟು ಹಾಕಿದೆವು. ಐದು ಸಾಕಿತ್ತು, ಅಪ್ಪ ಒಪ್ಪಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಹೀಗೆ ಹಾವಿನ ನಡೆಯಂತೆ. ಒಂದೇ ಸಾಲಿನಲ್ಲಿದ್ದರೆ ಹಲಗೆ ಆ ಗೆರೆಯಲ್ಲೇ ಸೀಳುತ್ತದೆ. ಎರಡೂ ಕಡೆ ವಾಶರ್. ಹೊರಗೆ ಎಳೆಯುವ ಬಲಕ್ಕೆ ಬೇರೆಯದೇ ನಾಲ್ಕು ಕಬ್ಬಿಣದ ಕಟ್ಟು, ಒಂದೊಂದೂ 340 ಕಿಲೋ ತಡೆಯುವಂಥದ್ದು. ಕೊನೆಗೆ ತಗಡು. ಮೇಲಂಚು ಗೋಡೆಯ ಹೊದಿಕೆಯ ಒಳಗೆ, ಕೆಳಂಚು ಲೆಡ್ಜರಿನ ಮುಂದೆ ಇಳಿಯುವಂತೆ ಮಡಿಸಿದೆವು. ಬೋಲ್ಟಿಗಿಂತ ಆ ತಗಡಿಗೇ ಅಪ್ಪ ಹೆಚ್ಚು ಹೊತ್ತು ತೆಗೆದುಕೊಂಡರು. ತಪಾಸಣೆಗೆ ಬಂದವರು ಒಳಗೊಮ್ಮೆ, ಹೊರಗೊಮ್ಮೆ ನೋಡಿ ಸಹಿ ಹಾಕಿದರು.

ಅಕ್ಟೋಬರ್‌ನಲ್ಲಿ ಮಳೆ ಶುರುವಾಗುವ ವಾರ ಅಪ್ಪ ಊರಿಗೆ ಹೊರಟರು. ಈ ಬೇಸಿಗೆಯಲ್ಲಿ ನಾನು ಸ್ಪ್ಯಾನರ್ ಹಿಡಿದು ಒಂದೊಂದೇ ನಟ್ಟು ಪರೀಕ್ಷಿಸಿದೆ. ಚಾವಣಿಗೆ ತಿರುಪು ಹಾಕಿದ ಹಲಗೆ ಮುಚ್ಚಿದ್ದೆವು, ತೆಗೆಯುವುದು ಸುಲಭ. ಮರ ಒಣಗಿ ಕುಗ್ಗಿತ್ತು, ನಟ್ಟುಗಳು ಕಾಲು ಸುತ್ತು ತಿರುಗಿದವು. ವಿಡಿಯೊ ಕರೆಯಲ್ಲಿ ಹೇಳಿದೆ. ಅಪ್ಪ ನಟ್ಟಿನ ವಿಷಯ ಕೇಳಲೇ ಇಲ್ಲ.

"ಬಾಗಿಲ ಕೆಳಗೆ ಕೈ ಹಾಕಿ ನೋಡು. ಮರ ಒಣಗಿದೆಯಾ?"

ಹಾಕಿ ನೋಡಿದೆ. ಒಣಗಿತ್ತು.