ಕ್ನಾಪನ್ ಚೆಂಡು: ಮೂರನೇ ವಾರ

ಮೊದಲನೇ ಚೆಂಡು ಸೀಳಿಹೋಯಿತು. ಹಾಲಿ (holly) ಅನ್ನುವ ಮರದ ಹಸಿ ತುಂಡನ್ನು ಒಣಗಲು ಬಿಡದೆ ಲೇತಿಗೆ ಹಾಕಿ ಕಡೆದಿದ್ದೆ. ಎರಡೇ ದಿನಕ್ಕೆ ಉಗುರು ತೂರುವಷ್ಟು ಬಿರುಕು.

ಹೊಸದಾಗಿ ಓದುವವರಿಗೆ: ಕ್ನಾಪನ್ ಅಂದರೆ ವೇಲ್ಸ್‌ನ ಪಡುವಣ ಹಳ್ಳಿಗಳ ಹಳೇ ಚೆಂಡಾಟ. ಒಂದು ಪ್ಯಾರಿಷ್‌ಗೆ ಇನ್ನೊಂದು ಪ್ಯಾರಿಷ್ ಎದುರಾಳಿ, ಅಂದರೆ ಒಂದು ಚರ್ಚಿಗೆ ಸೇರಿದ ಊರವರೆಲ್ಲ ಒಂದು ಕಡೆ. ಇದನ್ನು ಫುಟ್‌ಬಾಲ್ ವಂಶಕ್ಕೇ ಸೇರಿಸುತ್ತಾರೆ. ಆದರೆ ಇಲ್ಲಿ ಚೆಂಡು ಮರದ್ದು. ಎಸೆಯುತ್ತಿದ್ದರು, ಹಿಡಿದು ಓಡುತ್ತಿದ್ದರು.

ನಾನು ನಂಬಿಕೊಂಡಿರುವುದು ಪೆಂಬ್ರೋಕ್‌ಶೈರಿನ ಜಾರ್ಜ್ ಓವೆನ್ 1603ರಲ್ಲಿ ಬರೆದಿಟ್ಟ ವಿವರಗಳನ್ನು. ಕೈಯಲ್ಲಿ ಹಿಡಿಯುವಷ್ಟು ಗಾತ್ರ. ಬಾಕ್ಸ್, ಯೂ, ಕಾಡುಸೇಬು ಅಥವಾ ಹಾಲಿಯಂಥ ಗಟ್ಟಿ ಮರ. ಕಡೆದ ಮೇಲೆ ಕೊಬ್ಬಿನಲ್ಲಿ ಕುದಿಸಬೇಕು. ಹಿಡಿದರೆ ಜಾರಬೇಕು, ಅದಕ್ಕೇ ಈ ಕೆಲಸ.

ಈ ಸಲ ಚೆನ್ನಾಗಿ ಒಣಗಿದ ತುಂಡು ಸಿಕ್ಕಿತು. ಶನಿವಾರ ಕಾರ್ಡಿಫ್‌ನ ನಮ್ಮ ಮನೆ ಹಿತ್ತಿಲಲ್ಲಿ ಹಳೇ ಪಾತ್ರೆ ಇಟ್ಟು, ಮಾಂಸದಂಗಡಿಯಿಂದ ತಂದ ದನದ ಕೊಬ್ಬು ಕರಗಿಸಿದೆ. ಚೆಂಡು ತೇಲುತ್ತಿತ್ತು, ಸೌಟಿನಿಂದ ಮತ್ತೆ ಮತ್ತೆ ಅದುಮಬೇಕಾಯಿತು. ತಣ್ಣಗಾದ ಮೇಲೆ ಒರೆಸಿದರೆ ಮರಕ್ಕೆ ದಂತದ ಬಣ್ಣ. ತುಂಬಾ ಖುಷಿಯಾಯಿತು.

ಭಾನುವಾರ ಗೆಳೆಯರ ಜೊತೆ ಎಸೆದು ನೋಡಿದೆ. ಹಿಡಿದೆ ಅನ್ನುವಷ್ಟರಲ್ಲಿ ಒದ್ದೆ ಸೋಪಿನ ಹಾಗೆ ಹಾರಿಹೋಗುತ್ತದೆ. ಕೊಬ್ಬು ಯಾಕೆ ಬೇಕಿತ್ತು ಅಂತ ಆಗ ಕೈಗೇ ಗೊತ್ತಾಯಿತು. ಇದನ್ನು ಒಬ್ಬನೇ ಬಹಳ ಹೊತ್ತು ಇಟ್ಟುಕೊಳ್ಳಲು ಆಗುವುದಿಲ್ಲ. ನೂರಾರು ಜನ ಮುಗಿಬಿದ್ದಾಗ ಚೆಂಡು ನಿಲ್ಲದೆ ಓಡಾಡುತ್ತಿದ್ದದ್ದು ಇದರಿಂದಲೇ ಇರಬೇಕು.

ಓವೆನ್ ಹೇಳುವಂತೆ ಆಟಗಾರರು ತೆಳು ಚಡ್ಡಿ ಬಿಟ್ಟು ಏನನ್ನೂ ತೊಡುತ್ತಿರಲಿಲ್ಲ, ತೊಟ್ಟರೆ ಹರಿದು ಚಿಂದಿಯಾಗುತ್ತಿತ್ತು. ಕುದುರೆ ಸವಾರರೂ ದೊಣ್ಣೆ ಹಿಡಿದು ನುಗ್ಗುತ್ತಿದ್ದರು. ನ್ಯೂಪೋರ್ಟ್ ಮತ್ತು ನೆವರ್ನ್ ಪ್ಯಾರಿಷ್‌ಗಳವರು ಲೆಂಟ್ ಉಪವಾಸದ ಹಿಂದಿನ ಮಂಗಳವಾರ ಕಡಲ ಮರಳಿನ ಮೇಲೆ ಸೇರುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಾಂಡಿಸುಲ್ ಕಥೆ. ಅಲ್ಲಿ ಜನವರಿ 12ರಂದು, ಅಂದರೆ ಹಳೇ ಕ್ಯಾಲೆಂಡರಿನ ಹೊಸವರ್ಷದ ದಿನ, ಲಾನ್‌ವೆನೊಗ್ ಪ್ಯಾರಿಷ್ ಜೊತೆ ಆಟ. ಗೋಲು ಯಾವುದು ಗೊತ್ತಾ? ಎರಡೂ ಊರಿನ ಚರ್ಚ್ ಬಾಗಿಲ ಜಗಲಿ! ನಡುವೆ ಹಲವು ಮೈಲಿ ಹೊಲ, ಹೊಳೆ, ಗುಡ್ಡ. 1833ರಲ್ಲಿ ಲಾಂಡಿಸುಲ್ ಪಾದ್ರಿ ಇನಾಕ್ ಜೇಮ್ಸ್ ಹೊಡೆದಾಟ ಜಾಸ್ತಿ ಅಂತ ಆಟ ನಿಲ್ಲಿಸಿ, ಅದೇ ದಿನ ಬೈಬಲ್ ಪಾಠದ ಸ್ಪರ್ಧೆ ಶುರುಮಾಡಿದರು.

ಮುಂದಿನ ವಾರ ಎರಡನೇ ಸಲ ಕುದಿಸುವುದು. ಆಮೇಲೆ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಲಾಂಡಿಸುಲ್ ಚರ್ಚಿನಿಂದ ಲಾನ್‌ವೆನೊಗ್ ಚರ್ಚಿಗೆ ನಡೆಯುತ್ತೇನೆ.