ಏಳನೇ ಚೊಂಬಿಗೆ ಅರ್ಧ

ಔಷಧಿ ಮೈಯೊಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಸುವ ನಮ್ಮ ಫಾರ್ಮಕಾಲಜಿ ಸಾರ್ ಕ್ಲಾಸಿಗೆ ಪುಸ್ತಕ ತರುತ್ತಿದ್ದದ್ದೇ ಕಡಿಮೆ. ಒಂದು ದಿನ ಬಕೆಟ್ ತಂದರು. ಹಾಸ್ಟೆಲ್ ಬಚ್ಚಲಲ್ಲಿ ಇರುವಂಥದ್ದೇ ಪ್ಲಾಸ್ಟಿಕ್ ಬಕೆಟ್, ಜೊತೆಗೆ ಒಂದು ಲೀಟರಿನ ಚೊಂಬು. ಹತ್ತು ಲೀಟರ್ ನೀರು ಅಳೆದು ಹಾಕಿ, ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬೆರೆಸಿ, 'ಇದು ಮನುಷ್ಯ' ಅಂದರು. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆವತ್ತು ತಡವಾಗಿ ಬಂದವನು ನಾನು. ಹಾಗಾಗಿ ಚೊಂಬು ನನ್ನ ಕೈಗೆ ಬಂತು. ಕೆಲಸ ಸುಲಭ. ಒಂದು ಚೊಂಬು ನೀಲಿ ನೀರು ತೆಗೆದು ಸಿಂಕಿಗೆ ಸುರಿಯಬೇಕು, ಒಂದು ಚೊಂಬು ನಲ್ಲಿ ನೀರು ಹಾಕಿ ಕಲಕಬೇಕು, ಸ್ವಲ್ಪ ಟೆಸ್ಟ್ ಟ್ಯೂಬಿಗೆ ಹಿಡಿಯಬೇಕು. ಮೊದಲಿನ ನೀಲಿಗೆ ಅಷ್ಟೇ ನೀರು ಬೆರೆಸಿದ ಇನ್ನೊಂದು ಟ್ಯೂಬನ್ನು ಸಾರ್ ಕಿಟಕಿಗೆ ಹಿಡಿದುಕೊಂಡು ನಿಂತಿದ್ದರು. ಅದು 'ಅರ್ಧ'. ನನ್ನ ಟ್ಯೂಬು ಅದಕ್ಕೆ ಯಾವಾಗ ಸಮ ಆಗುತ್ತೆ? ಐದನೇ ಚೊಂಬು ಅಂದೆವು ಕೆಲವರು. ಹತ್ತರಲ್ಲಿ ಐದು ತೆಗೆದರೆ ಅರ್ಧ ಅಲ್ವಾ? ಅಲ್ಲ. ಆರನೆಯದು ಇನ್ನೂ ತುಸು ಗಾಢವಾಗಿತ್ತು, ಏಳನೆಯದು ತುಸು ತೆಳು.

'ಮೊದಲ ಚೊಂಬಿನಲ್ಲಿ ಹೋದಷ್ಟು ಬಣ್ಣ ಏಳನೆಯದರಲ್ಲಿ ಹೋಗಲ್ಲ ಮಾರಾಯ. ಚೊಂಬು ಅಷ್ಟೇ ದೊಡ್ಡದು, ಒಳಗಿನ ಬಣ್ಣ ಕಡಿಮೆ. ಕಿಡ್ನಿ, ಲಿವರ್ ಮಾಡೋದೂ ಇದೇ.'

ಇನ್ನೂ ಏಳು ಚೊಂಬು ಆದಾಗ ಬಣ್ಣ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬಂತು. ಮೈಯೊಳಗಿನ ಔಷಧಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತೇ ಹಾಫ್ ಲೈಫ್ ಅಂತ ನನಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮರುದಿನ ಅದನ್ನೇ ತಿರುಗಿಸಿ ಮಾಡಿಸಿದರು. ಪ್ರತಿ ಏಳು ಚೊಂಬಿಗೆ ಒಂದು ಅಳತೆ ಬಣ್ಣ ಹಾಕುತ್ತಾ ಹೋದರೆ? ಒಂದು ಇದ್ದದ್ದು ಒಂದೂವರೆ ಆಯಿತು, ಆಮೇಲೆ ಒಂದೂಮುಕ್ಕಾಲು. ಎರಡರ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತು. ಹಾಕುವಷ್ಟೇ ಹೊರಗೆ ಹೋಗುತ್ತಿತ್ತು. ನಾಲ್ಕೈದು ಹಾಫ್ ಲೈಫ್ ಕಳೆಯುವವರೆಗೂ ಈ ಸ್ಥಿತಿ ಬರಲ್ಲ ಅನ್ನುವುದನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ನನಗೆ ಅದು ತೋಳುನೋವಿನ ಲೆಕ್ಕ.

ಈಗ ಸಾಗರದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಥೈರಾಯ್ಡ್ ಮಾತ್ರೆ ಶುರು ಮಾಡಿದವರು ನಾಲ್ಕನೇ ದಿನಕ್ಕೇ ಬಂದು 'ಸುಸ್ತು ಹಾಗೇ ಇದೆ, ಬೇರೆ ಕಂಪನಿದು ಕೊಡಿ' ಅನ್ನುತ್ತಾರೆ. ಆ ಮಾತ್ರೆಯ ಹಾಫ್ ಲೈಫ್ ಸುಮಾರು 7 ದಿನ. ನಾಲ್ಕನೇ ದಿನ ಅಂದರೆ ಇನ್ನೂ ಒಂದನೇ ಅಳತೆಯೇ ಅರ್ಧ ಇಳಿದಿಲ್ಲ. ಡಾಕ್ಟರು ಆರು ವಾರ ಬಿಟ್ಟು ರಕ್ತ ಪರೀಕ್ಷೆ ಬರೆಯುವುದು ಸುಮ್ನೆ ಅಲ್ಲ.

ಬಕೆಟ್ಟಿನ ಪಾಠ ಅಲ್ಲಿಗೇ ಮುಗಿಯಲಿಲ್ಲ. ಒಂದು ಸಂಜೆ ಸಾರ್ ಒಲೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಆ ನೀಲಿ ನೀರಿನಲ್ಲಿ ಇಳಿಬಿಟ್ಟು ಹೋದರು. ಬೆಳಿಗ್ಗೆ ಬಂದು ನೋಡಿದರೆ ಬಣ್ಣ ತೆಳುವಾಗಿತ್ತು. ಯಾರೂ ಒಂದು ಚೊಂಬೂ ತೆಗೆದಿರಲಿಲ್ಲ, ಬಣ್ಣ ಇದ್ದಿಲಿಗೆ ಅಂಟಿ ಕೂತಿತ್ತು. ನೀರಿನ ಬಣ್ಣ ಮಾತ್ರ ನೋಡಿದರೆ ಬಕೆಟ್ ಎಷ್ಟೋ ದೊಡ್ಡದಿರಬೇಕು ಅನ್ನಿಸುತ್ತೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಹೀಗೆಯೇ ರಕ್ತ ಬಿಟ್ಟು ಮಾಂಸಖಂಡಗಳಲ್ಲಿ ಹೋಗಿ ಕೂರುತ್ತದೆ. ರಕ್ತದಲ್ಲಿ ಸಿಕ್ಕಿದ್ದನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ 70 ಕೆಜಿ ಮನುಷ್ಯನೊಳಗೆ ಸುಮಾರು 500 ಲೀಟರ್ ಜಾಗ ಬರುತ್ತದೆ. ಮೈಯಲ್ಲಿ ಇರುವ ನೀರೇ 42 ಲೀಟರ್! ಇದನ್ನು ಕೇಳಿ ನಮಗೆ ನಗು. ಸಾರ್‌ಗೆ ಮಾತ್ರ ನಗು ಬರಲಿಲ್ಲ. 'ಹೊರಗೆ ಕಾಣಲ್ಲ ಅಂತ ಒಳಗೆ ಇಲ್ಲ ಅಂದ್ಕೋಬೇಡಿ' ಅಂದರು.

ಪ್ರಾಕ್ಟಿಕಲ್ ಬಗ್ಗೆ ಹೆಚ್ಚು ಹೇಳಲ್ಲ. ಬೆಳಿಗ್ಗೆ ಏಳಕ್ಕೇ ಕೋಳಿ ಅಂಗಡಿಗೆ ಹೋಗಿ ಕರುಳು ತರಬೇಕಿತ್ತು. ಔಷಧಿ ತಾಗಿ ಆ ಕರುಳು ಕುಗ್ಗಿದಾಗ ಅದಕ್ಕೆ ಕಟ್ಟಿದ ಕಡ್ಡಿ ತಿರುಗುವ ಡ್ರಮ್ಮಿನ ಮೇಲೆ ಗೆರೆ ಗೀಚುತ್ತಿತ್ತು. ಆ ಡ್ರಮ್ಮಿನ ಕಾಗದಕ್ಕೆ ದೀಪದ ಮಸಿ ಹಿಡಿಸುವಾಗ ಮೂಗಿನೊಳಗೆಲ್ಲ ಕಪ್ಪು. ಡೋಸ್ ದುಪ್ಪಟ್ಟು ಮಾಡುತ್ತಾ ಹೋದಂತೆ ಮಸಿಯ ಮೇಲಿನ ಬಿಳಿ ಗೆರೆ ಎತ್ತರ ಏರಿ ಏರಿ, ಕೊನೆಗೆ ಎಷ್ಟು ಹಾಕಿದರೂ ಅಷ್ಟೇ ಎತ್ತರ. ಈಗಿನವರು ಇದನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ. ಒಳ್ಳೆಯದೇ. ಆ ವಾಸನೆ ಯಾರಿಗೂ ಬೇಡ.

ಹೇಳಲೇಬೇಕಾದ್ದು 2000ದ ದಸರಾ ರಜೆಯ ಕತೆ. ಇದುವರೆಗೆ ಎಲ್ಲೂ ಬರೆದಿಲ್ಲ. ಅಜ್ಜನಿಗೆ ಬಿಪಿಗೆ ನಿಫೆಡಿಪಿನ್ ರಿಟಾರ್ಡ್ ಬರೆದಿದ್ದರು. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಅಜ್ಜನ ರಗಳೆ. ಮನೆಯಲ್ಲಿ ಔಷಧಿ ಓದುತ್ತಿರುವ ಮೊಮ್ಮಗ ನಾನು. ಎರಡು ಚಮಚದ ನಡುವೆ ಮಾತ್ರೆ ಒತ್ತಿ ನುಣ್ಣಗೆ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಕೊಟ್ಟೆ. ಅಜ್ಜಿಗೆ ಭಾರಿ ಹೆಮ್ಮೆ. ಅರ್ಧ ಗಂಟೆಯಲ್ಲಿ ಅಜ್ಜನ ಮುಖ ಕೆಂಪಾಯಿತು. ತಲೆ ಧಡಧಡ ಹೊಡೆದುಕೊಳ್ಳುತ್ತೆ ಅಂದರು. ಬಚ್ಚಲಿಗೆ ಅಂತ ಎದ್ದವರು ಬಾಗಿಲು ಹಿಡಿದುಕೊಂಡು ಹಾಗೇ ಕುಸಿದರು. ಮಲಗಿಸಿ, ಕಾಲಡಿಗೆ ದಿಂಬು ಇಟ್ಟು, ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿದೆ. ಸಂಜೆಗೆ ಸರಿಹೋದರು. ಪುಣ್ಯ.

ನಿಧಾನಕ್ಕೆ ಬಿಡಲಿ ಅಂತ ಕಟ್ಟಿದ ಮಾತ್ರೆ ಅದು. ಗಂಟೆಗಟ್ಟಲೆ ಇಳಿಯಬೇಕಾದ್ದನ್ನು ನಾನು ಒಂದೇ ಸಲಕ್ಕೆ ಬಕೆಟ್ಟಿಗೆ ಸುರಿದಿದ್ದೆ. ರಕ್ತನಾಳಗಳು ಸಡಿಲವಾಗಿ ಬಿಪಿ ಧಡಕ್ಕನೆ ಇಳಿದಿತ್ತು. 'ರಿಟಾರ್ಡ್' ಅನ್ನುವ ಪದ ಸ್ಟ್ರಿಪ್ಪಿನ ಮೇಲೇ ಇತ್ತು. ನಾನು ಅದನ್ನು ಕಂಪನಿ ಇಟ್ಟ ಹೆಸರಿನ ಬಾಲ ಅಂದುಕೊಂಡಿದ್ದೆ.

ರಜೆ ಮುಗಿಸಿ ಬಂದು ಸಾರ್‌ಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು 'ಅಜ್ಜ ಹೇಗಿದ್ದಾರೆ?' ಅಂತ ಮಾತ್ರ ಕೇಳಿದರು. ಮರುದಿನ ಕ್ಲಾಸಿನಲ್ಲಿ, ನನ್ನ ಹೆಸರು ಎತ್ತದೆ, ಇಡೀ ಒಂದು ಗಂಟೆ ಪುಡಿ ಮಾಡಬಾರದ ಮಾತ್ರೆಗಳ ಬಗ್ಗೆಯೇ ಪಾಠ. ನಾನು ತಲೆ ಎತ್ತಲಿಲ್ಲ.

ಅದೇ ವಾರ ನಾಲಿಗೆ ಕೆಳಗಿನ ಮಾತ್ರೆಯ ವಿಷಯವೂ ಬಂತು. ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗಲ್ಲ, ಮೊದಲು ಲಿವರ್ ಹೊಕ್ಕು ಬರಬೇಕು. ಎದೆನೋವಿನ ನೈಟ್ರೋಗ್ಲಿಸರಿನ್ ನುಂಗಿದರೆ ಬಹುಪಾಲು ಅಲ್ಲೇ ಖರ್ಚಾಗುತ್ತೆ. ನಾಲಿಗೆ ಕೆಳಗೆ ಇಟ್ಟರೆ ಲಿವರ್ ತಪ್ಪಿಸಿ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತೆ. ಇಂದಿಗೂ ಹತ್ತು ಸಲ ಹೇಳಿ ಕಳಿಸಿದರೂ ನೀರು ಕುಡಿದು ಗುಟುಕ್ ಅಂತ ನುಂಗುವವರಿದ್ದಾರೆ.

ಎಲ್ಲ ಔಷಧಿಯೂ ಬಕೆಟ್ಟಿನ ಲೆಕ್ಕ ಕೇಳಲ್ಲ ಅನ್ನುವುದನ್ನೂ ಸಾರೇ ಹೇಳಿದ್ದು. ಆಗ ಸಾರಾಯಿ ಪ್ಯಾಕೆಟ್ಟಿನ ಕಾಲ. ನಮ್ಮ ರಾಜ್ಯದಲ್ಲಿ ಅದು ನಿಂತದ್ದು 2007ರಲ್ಲಿ. ಒಂದು ಕುಡಿದರೂ ನಾಲ್ಕು ಕುಡಿದರೂ ಲಿವರ್ ಗಂಟೆಗೆ ಇಷ್ಟೇ ಅಂತ ಹೊರಹಾಕುತ್ತೆ, ಜಾಸ್ತಿ ಬಂತು ಅಂತ ಜಾಸ್ತಿ ದುಡಿಯಲ್ಲ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಕೂಡ ಒಂದು ಮಟ್ಟ ದಾಟಿದ ಮೇಲೆ ಹಾಗೇ. ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಬಹಳ ಏರಿ ರೋಗಿ ತೂರಾಡುತ್ತಾನೆ. ಕುಡಿಯದೇ ತೂರಾಡುವವನನ್ನು ಕಂಡರೆ ಮೊದಲು ಚೀಟಿ ನೋಡಿ, ಆಮೇಲೆ ಬೈಯಿರಿ ಅನ್ನುತ್ತಿದ್ದರು.

ಸಾರ್ ರಿಟೈರ್ ಆಗಿ ಬಹಳ ವರ್ಷವಾಯಿತು. ಹೋದ ತಿಂಗಳು ಫೋನ್ ಮಾಡಿದ್ದರು. ಅವರಿಗೂ ಈಗ ಬಿಪಿ, ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ.

'ನಿನ್ನೆದು ಮರೆತೆ. ಇವತ್ತು ಎರಡು ತಗೊಳ್ಳಲಾ?'

'ಬೇಡ ಸಾರ್. ಒಂದೇ ಸಾಕು.'

'ಯಾಕೆ?'

ಕೌಂಟರಿನ ಮುಂದೆ ಮೂರು ಜನ ಚೀಟಿ ಹಿಡಿದು ಕಾಯುತ್ತಿದ್ದರು. ಸಾರ್‌ಗೆ ಗೊತ್ತಿಲ್ಲದ ವಿಷಯವೇನಲ್ಲ ಇದು. ಆದರೂ ಈ ವೈವಾ, ಬಾಯಿಮಾತಿನ ಪರೀಕ್ಷೆ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

'ಹಾಫ್ ಲೈಫ್ 30ರಿಂದ 50 ಗಂಟೆ ಸಾರ್. ನಿನ್ನೆ ಮರೆತರೂ ಮೊನ್ನೆಯದು ಇನ್ನೂ ಅರ್ಧದಷ್ಟು ಒಳಗೇ ಇದೆ' ಅಂದೆ.

'ಯಾವ ಚೊಂಬು?' ಅಂದರು.